8+8 ಜಿಬಿ ರ‍್ಯಾಮ್ ಇತ್ತು, ಇನ್ನೊಂದು 8+8 ಹಾಕಿದೆ, ಈಗ ಸಿಸ್ಟಂ ಹಠ ಹಿಡಿದಿದೆ

ಸ್ಟುಡಿಯೋ ತಿಪಟೂರು · ಗುರುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ ಆಲ್ಬಂ ಕೆಲಸವೇ ಜಾಸ್ತಿ. ಸಿಸ್ಟಂ ಹೀಗಿದೆ: ರೈಜನ್ 5 3600, ಬಿ450 ಮದರ್‌ಬೋರ್ಡ್, ನಾಲ್ಕು ರ‍್ಯಾಮ್ ಸ್ಲಾಟ್. 2020ರಲ್ಲಿ ಕಟ್ಟಿಸಿದ್ದು. ಆಗ ಹಾಕಿಸಿದ್ದು ಡಿಡಿಆರ್4 3200ರ 8 ಜಿಬಿ ಸ್ಟಿಕ್ ಎರಡು. ಎಕ್ಸ್‌ಎಂಪಿ, ಅಂದರೆ ಡಬ್ಬಿ ಮೇಲಿನ ಸ್ಪೀಡಿಗೆ ರ‍್ಯಾಮ್ ಓಡಿಸುವ ಸೆಟ್ಟಿಂಗ್, ಆನ್ ಮಾಡಿ ಇಷ್ಟು ವರ್ಷ ಓಡಿಸಿದ್ದೇನೆ, ಒಂದು ದಿನ ತೊಂದರೆ ಕೊಟ್ಟಿಲ್ಲ.

ಈಗ ಕ್ಯಾಮೆರಾ ಬದಲಾಯಿಸಿದೆ, ಫೈಲ್ ದೊಡ್ಡದಾಯಿತು, 16 ಜಿಬಿ ಸಾಲದಾಯಿತು. ಅದೇ ಕಂಪನಿ, ಅದೇ ಮಾಡೆಲ್ ನಂಬರ್ ಇನ್ನೊಂದು ಜೊತೆ ತರಿಸಿದೆ. ಡಬ್ಬಿ ಮೇಲಿನ ಟೈಮಿಂಗ್ ಕೂಡ ಅದೇ, 16-18-18-38. ಹಳೇದು ಎರಡು, ಹೊಸದು ಎರಡು, ನಾಲ್ಕೂ ಸ್ಲಾಟ್ ತುಂಬಿಸಿದೆ.

ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಬೋರ್ಡ್ ಮೇಲೆ ಡಿರ‍್ಯಾಮ್ ಅಂತ ಬರೆದಿರುವ ಕಡೆ ಚಿಕ್ಕ ಲೈಟ್ ಉರಿಯುತ್ತದೆ, ಆಫ್ ಆಗುತ್ತದೆ. ಮತ್ತೆ ತಾನೇ ಆನ್ ಆಗುತ್ತದೆ. ಮೂರು ಸಲ ಹೀಗೆ ಮಾಡಿ ಆಮೇಲೆ ಬೂಟ್ ಆಗುತ್ತದೆ, ಆದರೆ ಸ್ಪೀಡ್ 2133 ತೋರಿಸುತ್ತದೆ. ಎಕ್ಸ್‌ಎಂಪಿ ಮತ್ತೆ ಹಾಕಿದರೆ ಮತ್ತೆ ಅದೇ ಕತೆ. ಅಂಗಡಿಯವರು ಬೋರ್ಡ್ ಹೋಗಿದೆ, ಬದಲಾಯಿಸಿ ಅಂತಿದ್ದಾರೆ. ಮುಂದಿನ ವಾರ ಎರಡು ಆಲ್ಬಂ ಕೊಡಬೇಕು. ದಯವಿಟ್ಟು ದಾರಿ ಹೇಳಿ.

ಕರಾವಳಿ ಗೇಮರ್ · ಗುರುವಾರ ರಾತ್ರಿ 10:52

ಸ್ಟಿಕ್ ತೆಗೆದು ಕಾಂಟ್ಯಾಕ್ಟ್ ಮೇಲೆ ರಬ್ಬರ್ ಹಾಕಿ ಉಜ್ಜಿದ್ರಾ?

ಸ್ಟುಡಿಯೋ ತಿಪಟೂರು · ಗುರುವಾರ ರಾತ್ರಿ 10:55

ಉಜ್ಜಿದೆ ಸರ್. ಹೊಸ ಸ್ಟಿಕ್ಕನ್ನೂ ಉಜ್ಜಿದೆ.

ಹಳೇ ಸ್ಕ್ರೂಡ್ರೈವರ್ · ಗುರುವಾರ ರಾತ್ರಿ 11:10

ಹೊಸದನ್ನ ಯಾಕೆ ಉಜ್ಜಿದ್ರಿ ಮಾರಾಯ್ರೇ! ಇರಲಿ ಬಿಡಿ. ಉಜ್ಜಿದ ಪುಡಿ ಸ್ಲಾಟ್ ಒಳಗೆ ಬೀಳದಂತೆ ಒರೆಸಿ ಹಾಕಿ, ಅಷ್ಟೇ.

ಬೋರ್ಡ್ ಹೋಗಿಲ್ಲ. ಹೋಗಿದ್ದರೆ 2133ಕ್ಕೂ ಬರುತ್ತಿರಲಿಲ್ಲ. ಅದು ಮಾಡುತ್ತಿರುವ ಕೆಲಸಕ್ಕೆ ಟ್ರೈನಿಂಗ್ ಅಂತಾರೆ. ನೀವು ಹೇಳಿದ ಸ್ಪೀಡಿಗೆ ಸಿಗ್ನಲ್ ಹೊಂದಿಸಲು ನೋಡುತ್ತದೆ, ಆಗಲಿಲ್ಲ ಅಂದರೆ ಮತ್ತೆ ನೋಡುತ್ತದೆ, ಕೊನೆಗೆ ಕೈಚೆಲ್ಲಿ ಎಲ್ಲರಿಗೂ ಆಗುವ ಸ್ಪೀಡಿಗೆ ಬಂದು ನಿಲ್ಲುತ್ತದೆ. ಬೋರ್ಡ್ ಒಳ್ಳೇದು ಅನ್ನುವುದಕ್ಕೆ ಅದೇ ಸಾಕ್ಷಿ.

ಒಂದು ವಿಷಯ ಮೊದಲು ತಿಳಿದುಕೊಳ್ಳಿ. ಡಬ್ಬಿ ಮೇಲಿನ 3200 ಆ ಸ್ಟಿಕ್ ಕಂಪನಿ ಕೊಟ್ಟ ಮಾತು. ನಿಮ್ಮ ಪ್ರೊಸೆಸರ್ ಕೊಟ್ಟ ಮಾತು ಬೇರೆ. ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ. ರೈಜನ್ 3000 ಸರಣಿಗೆ ಎಎಂಡಿ ಬರೆದುಕೊಟ್ಟಿರುವುದು ಹೀಗೆ: ಎರಡು ಸ್ಟಿಕ್ ಹಾಕಿದರೆ 3200. ನಾಲ್ಕೂ ತುಂಬಿಸಿದರೆ, ಸಿಂಗಲ್ ರ‍್ಯಾಂಕ್ (ಸ್ಟಿಕ್ಕಿನಲ್ಲಿ ಚಿಪ್‌ಗಳ ಒಂದೇ ಗುಂಪು) ಆದರೆ 2933, ಡ್ಯುಯಲ್ ರ‍್ಯಾಂಕ್ (ಎರಡು ಗುಂಪು) ಆದರೆ 2667. ಅದಕ್ಕಿಂತ ಮೇಲೆ ಬಂದರೆ ನಿಮ್ಮ ಅದೃಷ್ಟ. ಬರಲಿಲ್ಲ ಅಂತ ಯಾರ ಮೇಲೂ ದೂರು ಹೇಳುವ ಹಾಗಿಲ್ಲ.

ಈ ಟೇಬಲ್ಲನ್ನು ಅಂಗಡಿಯಲ್ಲಿ ಯಾರೂ ತೋರಿಸುವುದಿಲ್ಲ. ನಾಲ್ಕು ಸ್ಲಾಟ್ ಇದೆ ಅಲ್ವಾ, ತುಂಬಿಸಿ ಅಂತಾರೆ.

ಕರಾವಳಿ ಗೇಮರ್ · ಗುರುವಾರ ರಾತ್ರಿ 11:18

ನನ್ನ ಕೇಳಿದರೆ ನಾಲ್ಕನ್ನೂ ಮಾರಿ 16+16ರ ಒಂದೇ ಕಿಟ್ ತಗೊಳ್ಳಿ. ತಲೆನೋವೇ ಇಲ್ಲ.

ಹಳೇ ಸ್ಕ್ರೂಡ್ರೈವರ್ · ಗುರುವಾರ ರಾತ್ರಿ 11:24

ಅದು ಸರಿಯಾದ ಸಲಹೆಯೇ, ಕೊಳ್ಳುವ ಮುಂಚೆ ಕೊಟ್ಟಿದ್ದರೆ. ಈಗ ದುಡ್ಡು ಹೋಗಿದೆ. ಇರುವುದರಲ್ಲಿ ಏನಾಗುತ್ತದೆ ನೋಡೋಣ. ಕಿಟ್ ಮಾರಲು ಹೊರಟರೆ ಕೊಟ್ಟಿದ್ದರಲ್ಲಿ ಅರ್ಧವೂ ಬರುವುದಿಲ್ಲ.

ಸ್ಟುಡಿಯೋ, ಈ ಕ್ರಮದಲ್ಲಿ ಮಾಡಿ. ಹೊಸ ಜೊತೆ ತೆಗೆದಿಡಿ. ಹಳೇ ಜೊತೆ ಮಾತ್ರ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ, ಎಕ್ಸ್‌ಎಂಪಿ ಹಾಕಿ, ರ‍್ಯಾಮ್ ಪರೀಕ್ಷೆ ಮಾಡುವ ಮೆಮ್‌ಟೆಸ್ಟ್86 ಪೆನ್‌ಡ್ರೈವಿನಿಂದ ಬೂಟ್ ಮಾಡಿ ರಾತ್ರಿ ಓಡಲು ಬಿಡಿ. ಮಾರನೇ ದಿನ ಹೊಸ ಜೊತೆ ಒಂದನ್ನೇ ಅದೇ ಸ್ಲಾಟಿಗೆ ಹಾಕಿ ಅದೇ ಪರೀಕ್ಷೆ. ಎರಡೂ ಪಾಸಾದರೆ ಮಾತ್ರ ಮುಂದಿನ ಮಾತು.

ಸ್ಟುಡಿಯೋ ತಿಪಟೂರು · ಗುರುವಾರ ರಾತ್ರಿ 11:31

ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನೋಸ್ಟಿಕ್ ಇದೆಯಲ್ಲ, ಅದನ್ನು 2133ರಲ್ಲಿ ಓಡಿಸಿದೆ. ಏನೂ ತೊಂದರೆ ಇಲ್ಲ ಅಂತ ಬಂತು.

ಬನಶಂಕರಿ ಬಿಟ್‌ಬೈಟ್ · ಗುರುವಾರ ರಾತ್ರಿ 11:40

ಅದು ಸತ್ತ ಸ್ಟಿಕ್ ಹಿಡಿಯುತ್ತದೆ. ಟೈಮಿಂಗ್ ತಪ್ಪಿ ಗಂಟೆಗೊಮ್ಮೆ ಒಂದು ಬಿಟ್ ತಿರುಗಿದರೆ ಅದರ ಕೈಗೆ ಸಿಗುವುದು ಕಷ್ಟ. ಅದೂ ಅಲ್ಲದೆ 2133ರಲ್ಲಿ ಪಾಸಾದದ್ದಕ್ಕೂ 3200ಕ್ಕೂ ಸಂಬಂಧವಿಲ್ಲ.

ನೈಟ್ ಶಿಫ್ಟ್ · ಶುಕ್ರವಾರ ಬೆಳಗಿನ ಜಾವ 2:15

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಇಂಟೆಲ್ ಐ5 10400, ಎಚ್410 ಬೋರ್ಡ್. 3200ರ ಸ್ಟಿಕ್ ಹಾಕಿದೆ, 2666 ಮಾತ್ರ ತೋರಿಸುತ್ತದೆ. ಅದಕ್ಕಿಂತ ವಿಚಿತ್ರ ಅಂದರೆ ಸಿಪಿಯು-ಝೆಡ್ ಅನ್ನುವ ಟೂಲ್ ತೆರೆದರೆ 1333 ಅಂತಿದೆ. ಮೋಸ ಹೋದೆನಾ?

ಬನಶಂಕರಿ ಬಿಟ್‌ಬೈಟ್ · ಶುಕ್ರವಾರ ಬೆಳಿಗ್ಗೆ 8:05

ಇಲ್ಲ. 1333 ಗಡಿಯಾರದ ಬಡಿತ. ಡಿಡಿಆರ್‌ನಲ್ಲಿ ಮೊದಲ ಎರಡು ಡಿ ಅಂದರೆ ಡಬಲ್ ಡೇಟಾ, ಒಂದು ಬಡಿತಕ್ಕೆ ಎರಡು ಸಲ ಡೇಟಾ ಹೋಗುತ್ತದೆ. 1333ರ ಎರಡರಷ್ಟು 2666. ಡಬ್ಬಿ ಮೇಲೆ ದೊಡ್ಡ ನಂಬರ್ ಹಾಕುತ್ತಾರೆ, ಸಿಪಿಯು-ಝೆಡ್ ಚಿಕ್ಕದು ತೋರಿಸುತ್ತದೆ.

2666ಕ್ಕೆ ನಿಂತಿದ್ದು ನಿಮ್ಮ ಪ್ರೊಸೆಸರ್ ಮತ್ತು ಚಿಪ್‌ಸೆಟ್ ಮಿತಿ. 10ನೇ ತಲೆಮಾರಿನ ಐ5ಗೆ ಇಂಟೆಲ್ ಕೊಟ್ಟಿರುವುದು ಅಷ್ಟೇ, ಐ7ಗೆ 2933. ಅದನ್ನು ಮೀರಿಸಬೇಕಾದರೆ ಆ ತಲೆಮಾರಿನಲ್ಲಿ ಝೆಡ್490 ಬೇಕಿತ್ತು. ಬಿ ಸರಣಿಯಲ್ಲಿ ಆ ಬಾಗಿಲು ತೆರೆದದ್ದು 2021ರಲ್ಲಿ, ಬಿ560 ಬಂದ ಮೇಲೆ. ನಿಮ್ಮ ಸ್ಟಿಕ್ ಚೆನ್ನಾಗಿದೆ, ಬೋರ್ಡ್ ಚೆನ್ನಾಗಿದೆ, ಸುಮ್ನೆ ಬಿಟ್ಟುಬಿಡಿ.

ನೈಟ್ ಶಿಫ್ಟ್ · ಶುಕ್ರವಾರ ಮಧ್ಯಾಹ್ನ 1:20

ಈಗ ಎದ್ದೆ. ಥ್ಯಾಂಕ್ಸ್. 3200ಕ್ಕೆ ಅಂತ ಜಾಸ್ತಿ ದುಡ್ಡು ಕೊಟ್ಟಿದ್ದೆ, ಅದೊಂದು ಬೇಜಾರು.

ಸ್ಟುಡಿಯೋ ತಿಪಟೂರು · ಶನಿವಾರ ಬೆಳಿಗ್ಗೆ 9:30

ಎರಡು ರಾತ್ರಿ ಪರೀಕ್ಷೆ ಮಾಡಿದೆ. ಹಳೇ ಜೊತೆ 3200ರಲ್ಲಿ ನಾಲ್ಕು ಸುತ್ತು, ಸೊನ್ನೆ ಎರರ್. ಹೊಸ ಜೊತೆ 3200ರಲ್ಲಿ ನಾಲ್ಕು ಸುತ್ತು, ಸೊನ್ನೆ ಎರರ್. ಎರಡೂ ಒಳ್ಳೇ ಮಕ್ಕಳೇ. ಒಟ್ಟಿಗೆ ಕೂರಿಸಿದರೆ ಮಾತ್ರ ಜಗಳ.

ಇನ್ನೊಂದು ಮಾತು ಹೇಳಬೇಕು. ಬುಧವಾರ ನಾಲ್ಕೂ ಸ್ಟಿಕ್ ಹಾಕಿ, ಎಕ್ಸ್‌ಎಂಪಿ ಆನ್ ಇಟ್ಟು, ಸ್ಪೀಡ್ ಒಂದನ್ನು ಮಾತ್ರ 2933ಕ್ಕೆ ಇಳಿಸಿದಾಗ ಬೂಟ್ ಆಗಿತ್ತು. ಮೂರು ಗಂಟೆ ಕೆಲಸ ಕೂಡ ಮಾಡಿದೆ. ಸರಿಹೋಯಿತು ಅಂದುಕೊಂಡು ಕಾರ್ಡಿನಿಂದ ಒಂದು ಮದುವೆ ಪೂರ್ತಿ ಕಾಪಿ ಮಾಡಿಕೊಂಡೆ. ಇವತ್ತು ತೆರೆದು ನೋಡಿದರೆ ಒಂದು ಫೋಟೋದಲ್ಲಿ ಮದುಮಗಳ ಮೊಣಕೈ ಕೆಳಗಿನಿಂದ ಪೂರ್ತಿ ಬೂದು ಬಣ್ಣ. ಇನ್ನೊಂದರಲ್ಲಿ ಸೀರೆ ಮೇಲೆ ಅಡ್ಡಕ್ಕೆ ಒಂದು ಗೆರೆ, ಗೆರೆಯ ಕೆಳಗೆ ಕೆಂಪು ಸೀರೆ ಹಸಿರಾಗಿದೆ. ಮುಂಚೆ ಇಂಥದ್ದು ನೋಡಿಲ್ಲ. ಇದಕ್ಕೂ ರ‍್ಯಾಮ್‌ಗೂ ಸಂಬಂಧ ಇದೆಯಾ?

ಬನಶಂಕರಿ ಬಿಟ್‌ಬೈಟ್ · ಶನಿವಾರ ಬೆಳಿಗ್ಗೆ 9:41

ಇದೆ. ಮೊದಲು ಕೈ ಎತ್ತಿ. ಆ ಸಿಸ್ಟಂನಲ್ಲಿ ಏನನ್ನೂ ಕಾಪಿ ಮಾಡಬೇಡಿ, ಸೇವ್ ಮಾಡಬೇಡಿ. ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿಲ್ಲ ತಾನೇ?

ಸ್ಟುಡಿಯೋ ತಿಪಟೂರು · ಶನಿವಾರ ಬೆಳಿಗ್ಗೆ 9:44

ಮಾಡಿಲ್ಲ. ಆಲ್ಬಂ ಕೈಗೆ ಕೊಡುವವರೆಗೆ ಕಾರ್ಡ್ ಮುಟ್ಟುವುದಿಲ್ಲ, ನಮ್ಮಪ್ಪನ ಕಾಲದ ನೆಗೆಟಿವ್ ಅಭ್ಯಾಸ.

ಬನಶಂಕರಿ ಬಿಟ್‌ಬೈಟ್ · ಶನಿವಾರ ಬೆಳಿಗ್ಗೆ 10:20

ನಿಮ್ಮಪ್ಪ ದೊಡ್ಡವರು.

ಫೈಲ್ ಕಾಪಿ ಆಗುವಾಗ ಕಾರ್ಡಿನಿಂದ ನೇರ ಡಿಸ್ಕಿಗೆ ಹಾರುವುದಿಲ್ಲ, ರ‍್ಯಾಮ್ ಮೇಲೆ ಹಾದು ಹೋಗುತ್ತದೆ. ಆ ಹೊತ್ತಿನಲ್ಲಿ ಒಂದು ಬಿಟ್ ತಿರುಗಿದರೆ ತಿರುಗಿದ್ದೇ ಡಿಸ್ಕಿಗೆ ಹೋಗುತ್ತದೆ. ಜೆಪೆಗ್‌ನಲ್ಲಿ ಒಂದು ಬಿಟ್ ಕೆಟ್ಟರೆ ಅಲ್ಲಿಂದ ಕೆಳಗಿನದೆಲ್ಲ ಓದಲು ತಪ್ಪುತ್ತದೆ. ಅದಕ್ಕೇ ಗೆರೆಯ ಕೆಳಗೆ ಬಣ್ಣ ಬದಲಾಗಿದೆ. ವಿಂಡೋಸ್ ನೀಲಿ ಪರದೆ ತೋರಿಸಿ ಬಿದ್ದಿದ್ದರೆ ಒಳ್ಳೇದಿತ್ತು, ಗೊತ್ತಾಗುತ್ತಿತ್ತು. ಬೀಳದೆ ಸುಮ್ನೆ ತಪ್ಪು ಬರೆಯುವ ಸಿಸ್ಟಂ ಜಾಸ್ತಿ ಅಪಾಯ. ಬೂಟ್ ಆಯಿತು ಅಂದರೆ ಸರಿ ಇದೆ ಅಂತಲ್ಲ.

ನಿಮಗೆ ಇರುವುದು ಒಂದಲ್ಲ, ಎರಡು ಕಾಯಿಲೆ ಅಂತ ನನ್ನ ಅನುಮಾನ. 3200ಕ್ಕೆ ಬೂಟ್ ಆಗದಿರುವುದು ಸ್ಕ್ರೂಡ್ರೈವರ್ ಹೇಳಿದ ಹಾಗೆ ನಾಲ್ಕು ಸ್ಟಿಕ್ ಭಾರ. ಆದರೆ 2933 ಅವರು ಕೊಟ್ಟ ಟೇಬಲ್ ಒಳಗೇ ಇದೆ. ಅಲ್ಲೂ ತಪ್ಪು ಬರುತ್ತಿದ್ದರೆ ಕಾರಣ ಬೇರೆ.

ಎರಡು ಕೆಲಸ ಮಾಡಿ. ಒಂದು, ಸ್ಟಿಕ್ ಲೇಬಲ್ ಮೇಲೆ ಮಾಡೆಲ್ ನಂಬರ್ ಪಕ್ಕದಲ್ಲಿ ಚಿಕ್ಕ ಅಕ್ಷರದ ವರ್ಷನ್ ನಂಬರ್ ಏನಾದರೂ ಇದೆಯಾ ನೋಡಿ. ಎರಡು, ಥೈಫೂನ್ ಬರ್ನರ್ ಅಂತ ಒಂದು ಟೂಲ್ ಇದೆ. ಸ್ಟಿಕ್ ಮೇಲೆ ಎಸ್‌ಪಿಡಿ ಅನ್ನುವ ಪುಟಾಣಿ ಚಿಪ್ ಇರುತ್ತದೆ, ಆ ಸ್ಟಿಕ್ಕಿನ ಜಾತಕ ಅದರಲ್ಲಿದೆ. ಅದನ್ನು ಓದಿ ಎರಡೂ ಕಿಟ್‌ನದು ಇಲ್ಲಿ ಹಾಕಿ. ಓದಿಸಿ ಅಷ್ಟೇ, ಬರೆಯುವ ಬಟನ್ ಮುಟ್ಟಬೇಡಿ.

ಅವರೆಕಾಳು · ಶನಿವಾರ ಬೆಳಿಗ್ಗೆ 10:35

ಇದನ್ನು ಓದಿ ನನಗೂ ಭಯವಾಯಿತು. ರೈಜನ್ 7600, ಡಿಡಿಆರ್5, ನಾಲ್ಕು ಸ್ಟಿಕ್ ಹಾಕಿ ಮೊದಲ ಸಲ ಆನ್ ಮಾಡಿದಾಗ ಐದು ನಿಮಿಷ ಕಪ್ಪು ಪರದೆ. ಸತ್ತೇಹೋಯಿತು ಅಂತ ಮೂರು ಸಲ ಸ್ವಿಚ್ ಆಫ್ ಮಾಡಿದೆ. ನಾಲ್ಕನೇ ಸಲ ಟೀ ಕುಡಿಯಲು ಹೋಗಿ ಬರುವಷ್ಟರಲ್ಲಿ ತಾನೇ ಬಂದಿತ್ತು.

ಹಳೇ ಸ್ಕ್ರೂಡ್ರೈವರ್ · ಶನಿವಾರ ಬೆಳಿಗ್ಗೆ 11:02

ಟೀ ಕುಡಿಯುವುದೇ ಸರಿಯಾದ ರಿಪೇರಿ. ಡಿಡಿಆರ್5ನಲ್ಲಿ ಟ್ರೈನಿಂಗ್ ಉದ್ದ, ಮಧ್ಯ ಆಫ್ ಮಾಡಿದರೆ ಮೊದಲಿಂದ ಶುರು. ಸ್ಪೀಡ್ ಎಷ್ಟಕ್ಕೆ ನಿಂತಿದೆ ನೋಡಿ. ರೈಜನ್ 7000ಕ್ಕೆ ಎರಡು ಸ್ಟಿಕ್ಕಿಗೆ 5200, ನಾಲ್ಕಕ್ಕೆ 3600 ಅಂತ ಎಎಂಡಿ ಬರೆದಿದೆ. ಡಿಡಿಆರ್5ನಲ್ಲಿ ನಾಲ್ಕು ತುಂಬಿಸುವುದು ಡಿಡಿಆರ್4ಗಿಂತ ದುಬಾರಿ ಹವ್ಯಾಸ.

ಅವರೆಕಾಳು · ಶನಿವಾರ ಬೆಳಿಗ್ಗೆ 11:06

3600. ಹೌದು. 6000ದ ಸ್ಟಿಕ್ ಅದು.

ಸ್ಟುಡಿಯೋ ತಿಪಟೂರು · ಶನಿವಾರ ಸಂಜೆ 6:50

ಅಂಗಡಿ ಮುಚ್ಚಿ ಕೂತು ನೋಡಿದೆ. ಲೇಬಲ್ ಮೇಲೆ ಮಾಡೆಲ್ ನಂಬರ್ ಅಕ್ಷರ ಅಕ್ಷರ ಒಂದೇ. ಆದರೆ ನೀವು ಹೇಳಿದ ಹಾಗೆ ವರ್ಷನ್ ನಂಬರ್ ಬೇರೆ ಇದೆ. ಫೋಟೋಗೆ ಬಳಸುವ ಲೂಪ್ ಹಿಡಿದು ಓದಬೇಕಾಯಿತು, ಅಷ್ಟು ಸಣ್ಣದು.

ಟೂಲ್ ತೋರಿಸಿದ್ದು: ಹಳೇ ಸ್ಟಿಕ್, 8 ಜಿಬಿ, ಸಿಂಗಲ್ ರ‍್ಯಾಂಕ್, ಎಕ್ಸ್8, ಒಂದೊಂದು ಚಿಪ್ 8 ಗಿಗಾಬಿಟ್, ಒಟ್ಟು 8 ಚಿಪ್. ಹೊಸ ಸ್ಟಿಕ್, 8 ಜಿಬಿ, ಸಿಂಗಲ್ ರ‍್ಯಾಂಕ್, ಎಕ್ಸ್16, ಒಂದೊಂದು ಚಿಪ್ 16 ಗಿಗಾಬಿಟ್, ಒಟ್ಟು 4 ಚಿಪ್. ಚಿಪ್ ಮಾಡಿದ ಕಂಪನಿಯೂ ಬೇರೆ. ಇದರ ಅರ್ಥ ಏನು?

ಬನಶಂಕರಿ ಬಿಟ್‌ಬೈಟ್ · ಶನಿವಾರ ಸಂಜೆ 7:30

ಸಿಕ್ಕಿತು ನೋಡಿ. ಮೇಲಿನ ಅಂಗಿ ಒಂದೇ, ಒಳಗಿನ ಮನುಷ್ಯ ಬೇರೆ. ರ‍್ಯಾಮ್ ಕಂಪನಿಗಳು ಹೆಚ್ಚಿನವು ಚಿಪ್ ತಾವು ಮಾಡುವುದಿಲ್ಲ. ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್ ಇಂಥವರಿಂದ ತಂದು ಹಾಕುತ್ತಾರೆ. ಆ ವರ್ಷ ಯಾವುದು ಸಿಕ್ಕಿತೋ ಅದು. ಡಬ್ಬಿ ಮೇಲೆ ಬರೆದ ನಾಲ್ಕು ನಂಬರ್ ಮುಟ್ಟಿದರೆ ಸಾಕು, ಮಾಡೆಲ್ ಹೆಸರು ಬದಲಾಗುವುದಿಲ್ಲ.

ಈಗ ಟೈಮಿಂಗ್ ಮಾತು. 16-18-18-38 ಎಲ್ಲರೂ ನೋಡುತ್ತಾರೆ. ಮೊದಲಿನ 16 ಸಿಎಎಸ್ ಲೇಟೆನ್ಸಿ, ಅಂದರೆ ಕೇಳಿದ ಮೇಲೆ ಡೇಟಾ ಬರುವವರೆಗೆ ಕಾಯುವ ಬಡಿತ. ಅದನ್ನು ಸಮಯಕ್ಕೆ ತಿರುಗಿಸಲು 2000ದಿಂದ ಗುಣಿಸಿ ಸ್ಪೀಡಿನಿಂದ ಭಾಗಿಸಿ. 16 ಗುಣಿಸು 2000, ಭಾಗಿಸು 3200, ಉತ್ತರ 10 ನ್ಯಾನೋಸೆಕೆಂಡ್. 3600ರಲ್ಲಿ ಸಿಎಲ್18 ಕೂಡ ಅದೇ 10. ಇದು ಗೊತ್ತಿಲ್ಲದೆ 16 ಒಳ್ಳೇದಾ 18 ಒಳ್ಳೇದಾ ಅಂತ ಜನ ವರ್ಷಗಟ್ಟಲೆ ಕಿತ್ತಾಡಿದ್ದಾರೆ.

ನಿಮ್ಮ ತೊಂದರೆ ಡಬ್ಬಿ ಮೇಲೆ ಬರೆಯದ ಟೈಮಿಂಗ್‌ನದು. ಅದರ ಹೆಸರು ಟಿಆರ್‌ಎಫ್‌ಸಿ.

ಡಿರ‍್ಯಾಮ್ ಚಿಪ್ ಒಳಗೆ ಒಂದೊಂದು ಬಿಟ್ಟೂ ಒಂದೊಂದು ಸಣ್ಣ ತೂತು ಇರುವ ಬಿಂದಿಗೆ. ನೀರು ತುಂಬಿದರೆ ಒಂದು, ಖಾಲಿ ಇದ್ದರೆ ಸೊನ್ನೆ. ತೂತಿನಿಂದ ಸೋರುತ್ತಲೇ ಇರುತ್ತದೆ, ಹಾಗಾಗಿ ಸೋರಿ ಹೋಗುವ ಮುಂಚೆ ಮತ್ತೆ ತುಂಬಿಸಬೇಕು. ಎಲ್ಲ ಬಿಂದಿಗೆಗೂ 64 ಮಿಲಿಸೆಕೆಂಡ್ ಒಳಗೆ ಒಂದು ಸುತ್ತು ಆಗಬೇಕು. ಅದಕ್ಕೆ 7.8 ಮೈಕ್ರೋಸೆಕೆಂಡಿಗೊಮ್ಮೆ ಬಾಗಿಲು ಹಾಕಿ ಒಂದಷ್ಟು ಸಾಲು ತುಂಬಿಸುತ್ತಾರೆ. ಬಾಗಿಲು ಹಾಕಿರುವ ಆ ಹೊತ್ತೇ ಟಿಆರ್‌ಎಫ್‌ಸಿ. ದೊಡ್ಡ ಚಿಪ್‌ನಲ್ಲಿ ಬಿಂದಿಗೆ ಜಾಸ್ತಿ, ಹೊತ್ತೂ ಜಾಸ್ತಿ. ಡಿಡಿಆರ್4 ಲೆಕ್ಕದಲ್ಲಿ 8 ಗಿಗಾಬಿಟ್ ಚಿಪ್‌ಗೆ 350 ನ್ಯಾನೋಸೆಕೆಂಡ್, 16 ಗಿಗಾಬಿಟ್ ಚಿಪ್‌ಗೆ 550.

2933ರಲ್ಲಿ ಗಡಿಯಾರ ಹೆಚ್ಚುಕಮ್ಮಿ 1467. 350 ನ್ಯಾನೋಸೆಕೆಂಡ್ ಅಂದರೆ 513 ಬಡಿತ. 550 ಅಂದರೆ 807 ಬಡಿತ. ನಿಮ್ಮ ಬೋರ್ಡ್ ಹಳೇ ಸ್ಟಿಕ್ಕಿನ ಎಕ್ಸ್‌ಎಂಪಿ ಓದಿ 513 ಹಾಕಿ ನಾಲ್ಕಕ್ಕೂ ಅದನ್ನೇ ಅಂಟಿಸಿದೆ ಅಂತ ನನ್ನ ಊಹೆ. ಹೊಸ ಸ್ಟಿಕ್ ಇನ್ನೂ ಬಿಂದಿಗೆ ತುಂಬಿಸುತ್ತಿದೆ, ಅಷ್ಟರಲ್ಲಿ ಇವರು ಬಾಗಿಲು ತೆಗೆದು ಒಳಗೆ ನುಗ್ಗುತ್ತಿದ್ದಾರೆ. ಒಂಟಿಯಾಗಿ ಹಾಕಿದಾಗ ಹೊಸ ಸ್ಟಿಕ್ ತನ್ನದೇ ನಂಬರ್ ಹೇಳಿತ್ತು, ಅದಕ್ಕೇ ಪಾಸಾಯಿತು.

ಝೆನ್‌ಟೈಮಿಂಗ್ಸ್ ಅನ್ನುವ ಟೂಲ್ ಹಾಕಿ, ನಾಲ್ಕು ಸ್ಟಿಕ್ ಇಟ್ಟು 2933ರಲ್ಲಿ ಟಿಆರ್‌ಎಫ್‌ಸಿ ಎಷ್ಟಿದೆ ಹೇಳಿ. ಊಹೆ ತಪ್ಪಿದ್ದರೆ ನನ್ನ ಬೈಯಿರಿ.

ಸ್ಟುಡಿಯೋ ತಿಪಟೂರು · ಶನಿವಾರ ರಾತ್ರಿ 8:12

513.

ಕರಾವಳಿ ಗೇಮರ್ · ಶನಿವಾರ ರಾತ್ರಿ 8:14

ಅಬ್ಬಾ.

ಹಳೇ ಸ್ಕ್ರೂಡ್ರೈವರ್ · ಶನಿವಾರ ರಾತ್ರಿ 8:40

ಬಿಟ್‌ಬೈಟ್ ಅಣ್ಣನಿಗೆ ಒಂದು ಮಸಾಲೆ ದೋಸೆ ಬಾಕಿ.

ಎಲ್ಲ ಬೋರ್ಡೂ ಹೀಗೆ ಮಾಡುವುದಿಲ್ಲ, ನಾಲ್ಕನ್ನೂ ಓದಿ ನಿಧಾನದವನ ನಂಬರ್ ಇಟ್ಟುಕೊಳ್ಳುವುದು ಸರಿಯಾದ ಪದ್ಧತಿ. ಬಯಾಸ್, ಅಂದರೆ ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್, ಹಳೇದಿದ್ದರೆ ಇಂಥ ಎಡವಟ್ಟು ಆಗುತ್ತದೆ. ರೈಜನ್ ಮೊದಲು ಬಂದ 2017ರ ಮಾರ್ಚ್ ನೆನಪಿದೆ. 3000ದ ಸ್ಟಿಕ್ ಹಾಕಿದರೆ 2133, ಮೇಲೆ ಏರಿಸಿದರೆ ಕಪ್ಪು ಪರದೆ. ಬಯಾಸ್‌ನಲ್ಲಿ ಮುಟ್ಟಲು ನಾಲ್ಕೈದು ಟೈಮಿಂಗ್ ಮಾತ್ರ ಇದ್ದವು. ಎರಡು ಮೂರು ತಿಂಗಳಾದ ಮೇಲೆ ಬಯಾಸ್‌ನಲ್ಲಿ ಎಎಂಡಿ ಕೊಡುವ ಭಾಗಕ್ಕೆ ಅಜೀಸಾ 1.0.0.6 ಅನ್ನುವ ಅಪ್‌ಡೇಟ್ ಬಂತು, 26 ಹೊಸ ಮೆಮೊರಿ ಸೆಟ್ಟಿಂಗ್ ತೆರೆಯಿತು. ಅದೇ ಬೋರ್ಡ್, ಅದೇ ಸ್ಟಿಕ್, ಮಾರನೇ ದಿನ ಬೇರೆಯೇ ಸಿಸ್ಟಂ.

ಹಾಗಂತ ನೀವು ಈಗಲೇ ಬಯಾಸ್ ಹಾಕಲು ಹೋಗಬೇಡಿ. ಆಲ್ಬಂ ಕೊಟ್ಟ ಮೇಲೆ, ಯುಪಿಎಸ್ ಇಟ್ಟುಕೊಂಡು ಹಾಕಿ. ಅಪ್‌ಡೇಟ್ ಮಧ್ಯೆ ಕರೆಂಟ್ ಹೋದರೆ ಆಗ ನಿಜವಾಗಿ ಬೋರ್ಡ್ ಹೋಯಿತು ಅಂತ ಹೇಳಬಹುದು. ಮತ್ತೆ ಬಿ450ನಲ್ಲಿ ಕೆಲವಕ್ಕೆ ಬಯಾಸ್ ಚಿಪ್ 16 ಎಂಬಿ ಮಾತ್ರ. ಹೊಸ ಪ್ರೊಸೆಸರ್‌ಗೆ ಜಾಗ ಮಾಡಲು ಹಳೇ ಪ್ರೊಸೆಸರ್ ಸಪೋರ್ಟ್ ತೆಗೆದುಹಾಕಿದ ಅಪ್‌ಡೇಟ್‌ಗಳೂ ಇವೆ. ಕಂಪನಿ ಪುಟದಲ್ಲಿ ನಿಮ್ಮ 3600 ಹೆಸರಿದೆಯಾ ಓದಿಕೊಂಡು ಹಾಕಿ.

ಕರಾವಳಿ ಗೇಮರ್ · ಶನಿವಾರ ರಾತ್ರಿ 8:55

ಡಿರ‍್ಯಾಮ್ ಕ್ಯಾಲ್ಕುಲೇಟರ್ ಅಂತ ಇದೆ, ಅದರಲ್ಲಿ ಫಾಸ್ಟ್ ಒತ್ತಿ ಬಂದ ನಂಬರ್ ಹಾಕಿದರೆ 3200ಕ್ಕೂ ಬರಬಹುದು. ವೋಲ್ಟೇಜ್ 1.45 ಮಾಡಿ ನೋಡಿ. ಯೂಟ್ಯೂಬ್‌ನಲ್ಲಿ ಒಬ್ಬರು ಮಾಡಿ ತೋರಿಸಿದ್ದಾರೆ.

ಬನಶಂಕರಿ ಬಿಟ್‌ಬೈಟ್ · ಶನಿವಾರ ರಾತ್ರಿ 9:10

ಗೇಮರ್, ನಿಮಗೆ ಆಟ ನಿಂತರೆ ಇನ್ನೊಂದು ಸಲ ಆಡುತ್ತೀರಿ. ಅವರು ಮದುವೆ ಇನ್ನೊಂದು ಸಲ ಮಾಡಿಸಲು ಆಗುವುದಿಲ್ಲ.

ಆ ಕ್ಯಾಲ್ಕುಲೇಟರ್ ಒಂದು ಜಾತಿ ಚಿಪ್‌ಗೆ ಲೆಕ್ಕ ಹಾಕುತ್ತದೆ, ಇಲ್ಲಿ ಎರಡು ಜಾತಿ ಇವೆ. ಅದೂ ಅಲ್ಲದೆ 3200ಕ್ಕೆ ಏರಿಸಿ ಏನು ಸಿಗುತ್ತದೆ ನೋಡಿ. ಎರಡು ಚಾನಲ್ (ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ ದಾರಿ) ಸೇರಿ 3200ರಲ್ಲಿ ಸೆಕೆಂಡಿಗೆ 51.2 ಜಿಬಿ, 2933ರಲ್ಲಿ 46.9. ಸಿಎಲ್16 ಹಾಗೇ ಇಟ್ಟರೆ 10 ನ್ಯಾನೋಸೆಕೆಂಡ್ ಹೋಗಿ 10.9 ಆಗುತ್ತದೆ. ಫೋಟೋಶಾಪ್ ಇದನ್ನು ಗಮನಿಸುವುದೂ ಇಲ್ಲ. 16 ಜಿಬಿ ತುಂಬಿ ಡಿಸ್ಕಿಗೆ ಹೋಗುತ್ತಿದ್ದದ್ದು ನಿಂತರೆ ಅದೇ ಹತ್ತರಷ್ಟು ಲಾಭ.

ಕರಾವಳಿ ಗೇಮರ್ · ಶನಿವಾರ ರಾತ್ರಿ 9:13

ಸರಿ ಸರಿ, ಒಪ್ಪಿದೆ.

ಬನಶಂಕರಿ ಬಿಟ್‌ಬೈಟ್ · ಶನಿವಾರ ರಾತ್ರಿ 9:45

ಸ್ಟುಡಿಯೋ, ಹೀಗೆ ಮಾಡಿ. ಮೊದಲು ಸಿಮಾಸ್ ಕ್ಲಿಯರ್, ಅಂದರೆ ಬಯಾಸ್ ಸೆಟ್ಟಿಂಗ್ ಅಳಿಸುವುದು. ಪವರ್ ಕೇಬಲ್ ತೆಗೆದು, ಬೋರ್ಡ್ ಮೇಲೆ ಆ ಹೆಸರು ಬರೆದಿರುವ ಎರಡು ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಸೇರಿಸಿ ಹಿಡಿಯಿರಿ. ಇಲ್ಲವಾದರೆ ಹಿಂದಿನ ಸೋತ ಟ್ರೈನಿಂಗ್‌ನ ಉಳಿಕೆ ಕಾಟ ಕೊಡುತ್ತದೆ.

ಹಳೇ ಜೊತೆ ಎರಡು ಮತ್ತು ನಾಲ್ಕನೇ ಸ್ಲಾಟಿಗೆ, ಹೊಸ ಜೊತೆ ಒಂದು ಮತ್ತು ಮೂರಕ್ಕೆ. ಹಾಗೆ ಹಾಕಿದರೆ ಎರಡೂ ಚಾನಲ್‌ನಲ್ಲಿ ಒಂದು ಹಳೇದು, ಒಂದು ಹೊಸದು ಸಮ ಇರುತ್ತದೆ.

ಬಯಾಸ್‌ನಲ್ಲಿ ಎಕ್ಸ್‌ಎಂಪಿ ಹಾಕಿ, ಅದು ವೋಲ್ಟೇಜ್ 1.35ಕ್ಕೆ ಏರಿಸುತ್ತದೆ, ಹಾಗೇ ಇರಲಿ. ಆಮೇಲೆ ಸ್ಪೀಡ್ ಕೈಯಾರೆ 2933. ಮೊದಲ ನಾಲ್ಕು ಟೈಮಿಂಗ್ 16, 18, 18, 38. ಟಿಆರ್‌ಎಫ್‌ಸಿ 807 ಬೇಕು, ನೀವು 820 ಹಾಕಿ, ಸ್ವಲ್ಪ ಕೈಬಿಡುವು ಇರಲಿ. ಗೇರ್ ಡೌನ್ ಮೋಡ್ ಎನೇಬಲ್. ಅದು ಆಜ್ಞೆ ಕಳಿಸುವ ವೇಗವನ್ನು ಅರ್ಧ ಮಾಡುತ್ತದೆ, ನಾಲ್ಕು ಸ್ಟಿಕ್ ಇರುವಾಗ ಅದು ಬೇಕು. ಅದು ಆನ್ ಇದ್ದಾಗ ಸಿಎಲ್15 ಹಾಕಿದರೂ 16 ಆಗುತ್ತದೆ, ಬೆಸ ಸಂಖ್ಯೆ ಅದಕ್ಕೆ ಆಗುವುದಿಲ್ಲ. ಎಸ್‌ಒಸಿ ವೋಲ್ಟೇಜ್ (ಮೆಮೊರಿ ಕಂಟ್ರೋಲರ್‌ಗೆ ಹೋಗುವುದು) 1.1. ಫ್ಯಾಬ್ರಿಕ್ (ಪ್ರೊಸೆಸರ್ ಒಳಗಿನ ಭಾಗಗಳನ್ನು ಜೋಡಿಸುವ ದಾರಿ) ಗಡಿಯಾರ ಆಟೋ ಬಿಡಿ, 1467 ತಗೊಳ್ಳುತ್ತದೆ.

ಎಕ್ಸ್16 ಚಿಪ್‌ಗೆ (ಒಂದು ಸಲಕ್ಕೆ 16 ಬಿಟ್ ಕೊಡುವುದು) ಟಿಆರ್‌ಆರ್‌ಡಿ, ಟಿಎಫ್‌ಎಡಬ್ಲ್ಯೂ ಅನ್ನುವ ಎರಡು ಕೂಡ ಸ್ವಲ್ಪ ಸಡಿಲ ಬೇಕು, ಏಕೆಂದರೆ ಅದು ಒಂದು ಸಲಕ್ಕೆ ತೆರೆಯುವ ಸಾಲು ದೊಡ್ಡದು. ಹೊಸ ಜೊತೆ ಒಂದನ್ನೇ ಹಾಕಿದಾಗ ಝೆನ್‌ಟೈಮಿಂಗ್ಸ್ ಏನು ತೋರಿಸುತ್ತದೋ ಅದನ್ನು ಬರೆದುಕೊಂಡು ಅದೇ ಹಾಕಿ. ಒಟ್ಟು ಸೂತ್ರ ಇಷ್ಟೇ, ಯಾವ ಟೈಮಿಂಗ್ ಆದರೂ ಎರಡು ಕಿಟ್‌ನಲ್ಲಿ ಯಾವುದು ದೊಡ್ಡದೋ ಅದು.

ಆಮೇಲೆ ಮೆಮ್‌ಟೆಸ್ಟ್86 ನಾಲ್ಕು ಸುತ್ತು. ಅದು ಪಾಸಾದರೆ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5. ಬಿಸಿಯಾದ ಮೇಲೆ ಬರುವ ಎರರ್ ಅದರಲ್ಲಿ ಬೇಗ ಹೊರಬರುತ್ತದೆ. ಒಂದೇ ಒಂದು ಎರರ್ ಬಂದರೂ ಫೇಲ್. ಒಂದೇ ಅಲ್ವಾ ಅಂತ ಬಿಡಬೇಡಿ.

ಅವರೆಕಾಳು · ಶನಿವಾರ ರಾತ್ರಿ 10:02

ಬೋರ್ಡ್ ಕಂಪನಿ ಪುಟದಲ್ಲಿ ಪರೀಕ್ಷಿಸಿ ಒಪ್ಪಿದ ರ‍್ಯಾಮ್‌ಗಳ ಕ್ಯೂವಿಎಲ್ ಪಟ್ಟಿ ಇರುತ್ತದಲ್ಲ, ಅದರಲ್ಲಿ ಈ ಮಾಡೆಲ್ ಇದ್ದರೂ ಹೀಗಾಗುತ್ತದಾ?

ಹಳೇ ಸ್ಕ್ರೂಡ್ರೈವರ್ · ಶನಿವಾರ ರಾತ್ರಿ 10:15

ಆಗುತ್ತದೆ. ಎಷ್ಟೋ ಪಟ್ಟಿಗಳಲ್ಲಿ ಬಲಗಡೆ ಕೊನೆಗೆ 1, 2, 4 ಅಂತ ಕಾಲಂ ಇರುತ್ತದೆ. ಎಷ್ಟು ಸ್ಟಿಕ್ ಹಾಕಿ ನೋಡಿದ್ದಾರೆ ಅಂತ. ಹೆಚ್ಚಿನ ಸಾಲಿನಲ್ಲಿ 2ರವರೆಗೆ ಟಿಕ್ ಇರುತ್ತದೆ, 4 ಖಾಲಿ. ಜನ ಹೆಸರು ನೋಡಿ ಖುಷಿಯಾಗಿ ಪುಟ ಮುಚ್ಚುತ್ತಾರೆ, ಆ ಕೊನೆ ಕಾಲಂ ನೋಡುವುದಿಲ್ಲ. ಮತ್ತೆ ಅವರು ಪರೀಕ್ಷೆ ಮಾಡಿದ ದಿನ ಒಳಗಿದ್ದ ಚಿಪ್ ಬೇರೆ, ನಿಮ್ಮ ಕೈಗೆ ಬಂದದ್ದು ಬೇರೆ ಇರಬಹುದು.

ಸ್ಟುಡಿಯೋ ತಿಪಟೂರು · ಭಾನುವಾರ ಮಧ್ಯಾಹ್ನ 3:30

ರಾತ್ರಿ ಎಲ್ಲ ಹಾಕಿದೆ. ಸೇವ್ ಮಾಡಿ ರೀಸ್ಟಾರ್ಟ್ ಕೊಟ್ಟಾಗ ಆ ಚಿಕ್ಕ ಲೈಟ್ ಉರಿದದ್ದು ನೋಡಿ ಎದೆ ಧಸಕ್ ಅಂತು. ಎಣಿಸಿದೆ, 14 ಸೆಕೆಂಡ್. ಆಮೇಲೆ ಆರಿತು, ಪರದೆ ಬಂತು. ಒಂದೇ ಸಲಕ್ಕೆ.

ಮೆಮ್‌ಟೆಸ್ಟ್ ಹಾಕಿ ಮಲಗಿದೆ, ನಿದ್ದೆ ಬರಲಿಲ್ಲ, ಎರಡು ಸಲ ಎದ್ದು ಬಂದು ನೋಡಿದೆ. ಮಧ್ಯಾಹ್ನದವರೆಗೆ ಓಡಿತು. ನಾಲ್ಕು ಸುತ್ತು, ಎರರ್ 0. ಈಗ ಟೆಸ್ಟ್‌ಮೆಮ್5 ಓಡುತ್ತಿದೆ.

ಒಂದು ಅನುಮಾನ. ಹಳೇ 513ನ್ನೇ ಮತ್ತೆ ಹಾಕಿ ಒಂದು ಸಲ ಟೆಸ್ಟ್ ಮಾಡಲಾ? ನಿಜವಾಗಿ ಅದೇ ಕಾರಣವಾ ಅಂತ ತಿಳಿಯಬೇಕು.

ಬನಶಂಕರಿ ಬಿಟ್‌ಬೈಟ್ · ಭಾನುವಾರ ಮಧ್ಯಾಹ್ನ 3:48

ಮಾಡಿ. ಆದರೆ ಪೆನ್‌ಡ್ರೈವಿನಿಂದಲೇ ಮಾಡಿ, ವಿಂಡೋಸ್‌ಗೆ ಹೋಗಬೇಡಿ. ತಪ್ಪು ಟೈಮಿಂಗ್‌ನಲ್ಲಿ ವಿಂಡೋಸ್ ತನ್ನ ಫೈಲನ್ನೇ ಕೆಡಿಸಿಕೊಂಡರೆ ಇನ್ನೊಂದು ಕೆಲಸ.

ಸ್ಟುಡಿಯೋ ತಿಪಟೂರು · ಭಾನುವಾರ ರಾತ್ರಿ 9:20

ಟೆಸ್ಟ್‌ಮೆಮ್5 ಪಾಸ್. ಆಮೇಲೆ ಉಳಿದ ಯಾವುದನ್ನೂ ಮುಟ್ಟದೆ ಟಿಆರ್‌ಎಫ್‌ಸಿ ಒಂದನ್ನು ಮಾತ್ರ 820ರಿಂದ 513 ಮಾಡಿ ಪೆನ್‌ಡ್ರೈವಿನಿಂದ ಬೂಟ್ ಮಾಡಿದೆ. ಮೊದಲ ಸುತ್ತು ಮುಗಿಯುವ ಮುಂಚೆಯೇ ಕೆಂಪು ಸಾಲು ಬರಲು ಶುರು. ನಿಲ್ಲಿಸಿ ವಾಪಸ್ 820 ಮಾಡಿದೆ. ಇನ್ನು ನನಗೆ ಅನುಮಾನ ಇಲ್ಲ.

ಬುಧವಾರ ಕಾಪಿ ಮಾಡಿದ್ದನ್ನು ಪೂರ್ತಿ ಅಳಿಸಿ ಕಾರ್ಡಿನಿಂದ ಮತ್ತೆ ತಗೊಂಡೆ. ಆ ಎರಡು ಫೋಟೋ ಈಗ ಸರಿ ಇವೆ. ಸೀರೆ ಕೆಂಪಾಗಿದೆ. ಮೊಣಕೈ ವಾಪಸ್ ಬಂದಿದೆ. ಆಲ್ಬಂ ಲೇಔಟ್ 40 ಪುಟ ತೆರೆದಿಟ್ಟು ನೋಡಿದೆ, 23 ಜಿಬಿ ತಗೊಂಡಿತು, ಡಿಸ್ಕ್ ಲೈಟ್ ಮಿಟುಕಲೂ ಇಲ್ಲ.

ಅಂಗಡಿಯವರಿಗೆ ಫೋನ್ ಮಾಡಿ ಬೋರ್ಡ್ ಬೇಡ ಅಂದೆ. ಹೇಗೆ ಸರಿಹೋಯಿತು ಅಂತ ಕೇಳಿದರು. ಬಿಂದಿಗೆ ಕತೆ ಹೇಳಿದೆ. ಅರ್ಧಕ್ಕೆ ಗಿರಾಕಿ ಬಂದರು ಅಂತ ಫೋನ್ ಇಟ್ಟರು.

ನೈಟ್ ಶಿಫ್ಟ್ · ಭಾನುವಾರ ರಾತ್ರಿ 11:50

ನಾನೂ ಸೇರಿ ಎಲ್ಲರೂ ಮಾಡೆಲ್ ನಂಬರ್ ಒಂದೇ ಇದ್ದರೆ ಸಾಕು ಅಂದುಕೊಂಡಿದ್ದೆವು. ನನ್ನದರ ಲೇಬಲ್ ಈಗ ನೋಡಿದೆ. ಎರಡು ಸ್ಟಿಕ್, ಒಂದೇ ವರ್ಷನ್. ಸಮಾಧಾನವಾಯಿತು.

ಹಳೇ ಸ್ಕ್ರೂಡ್ರೈವರ್ · ಸೋಮವಾರ ಬೆಳಿಗ್ಗೆ 7:30

ಸ್ಟುಡಿಯೋ, ಕೊನೆಗೆ ಒಂದು ಕೆಲಸ ಬಾಕಿ ಇದೆ. ಆ ಬೋರ್ಡ್ 2020ರದು, ಬಟನ್ ಸೆಲ್ ಕೂಡ 2020ರದೇ ಇರಬೇಕು. ನೀವು ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋಗುವವರಾದರೆ ಅದು ಸೊರಗಿರುತ್ತದೆ. ಒಂದು ದಿನ ಅದು ಸತ್ತರೆ ಬಯಾಸ್ ನೀವು ಹಾಕಿದ್ದೆಲ್ಲ ಮರೆಯುತ್ತದೆ. 2133ಕ್ಕೆ ಹೋದರೆ ಪರವಾಗಿಲ್ಲ. ಆದರೆ ಆಗ ಯಾರಾದರೂ ಸ್ಪೀಡ್ ಕಮ್ಮಿ ಇದೆ ಅಂತ ಎಕ್ಸ್‌ಎಂಪಿ ಆನ್ ಮಾಡಿ, ಬೂಟ್ ಆಗಲು ಸ್ಪೀಡ್ ಮಾತ್ರ ಇಳಿಸಿದರೆ ಮತ್ತೆ 513 ಬಂದು ಕೂರುತ್ತದೆ. ಸೆಲ್ ಬದಲಾಯಿಸಿ, ಸಿಆರ್2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಸೆಲ್ ತೆಗೆದರೆ ಸೆಟ್ಟಿಂಗ್ ಹೋಗುತ್ತದೆ, ಅದಕ್ಕೇ ಮೊದಲು ಎಲ್ಲ ನಂಬರ್ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿ.

ಸ್ಟುಡಿಯೋ ತಿಪಟೂರು · ಸೋಮವಾರ ಬೆಳಿಗ್ಗೆ 11:15

ಸೆಲ್ ಹಾಕಿದೆ. ನಂಬರ್ ಎಲ್ಲ ಮತ್ತೆ ತುಂಬಿಸಿ ಒಂದು ಸುತ್ತು ಟೆಸ್ಟ್ ಕೂಡ ಆಯಿತು. ಚೀಟಿ ಅಂಟಿಸಿದೆ. ಫೋಟೋ ಪೇಪರ್ ಮೇಲೆ, ಮ್ಯಾಟ್ ಲ್ಯಾಮಿನೇಷನ್ ಸಮೇತ.